ರಾಯಭಾರಿಗಳ ಎದುರು ಚೌಕಟ್ಟಿನವರ ಮಗಳು

ಬೇಗಂ ಬಜಾರ್

ಆಗುವುದಿಲ್ಲ ಎಂದವರ ಹೆಸರನ್ನು ಮೊದಲೇ ಬರೆದುಬಿಡುತ್ತೇನೆ. ನನ್ನ ದೊಡ್ಡಪ್ಪ ಶಂಕ್ರೆಪ್ಪ. ಹೈದರಾಬಾದಿನ ನಮ್ಮ ಅಂಗಡಿಯ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು, ಚಹಾದ ಕಪ್ಪು ಕೆಳಗಿಡದೆ ಹೇಳಿದ್ದು ಇದು:

“ಲಂಡನ್ನಿಗೆ ಚಿತ್ರ ನೋಡಾಕ ಹೋಗ್ತಾಳಂತ! ಇಲ್ಲೇ ದಿನಾ ನೂರು ಚಿತ್ರ ನೋಡ್ತಾಳಲ್ಲ, ಸಾಕಾಗಿಲ್ಲೇನು? ಆಗೂದಿಲ್ಲ ಬಸಪ್ಪ, ಬರಕೊಂಡಿಡು. ಅವರು ನಮ್ಮಂಥಾರನ್ನ ಕರಿಯೂದಿಲ್ಲ. ಕರದ್ರೂ ಪಾಸ್ ಮಾಡೂದಿಲ್ಲ.”

ಬಸಪ್ಪ ನನ್ನ ಅಪ್ಪ. ಅವನು ಪಟಕ್ಕೆ ಚೌಕಟ್ಟು ಹೊಡೆಯುತ್ತಿದ್ದ. ಬಾಯಲ್ಲಿ ಮೊಳೆಗಳಿದ್ದವು. ಒಳಗೆ ಗಾಜು ಒರೆಸುತ್ತಿದ್ದ ಅವ್ವ ಮಾತ್ರ, “ಕಪ್ಪು ಖಾಲಿ ಆತೇನ್ರಿ?” ಎಂದಳು. ನಮ್ಮ ಮನೆಯಲ್ಲಿ ಹಾಗೆಂದರೆ ಇನ್ನು ಎದ್ದು ಹೋಗಿ ಎಂದರ್ಥ.

ಎರಡನೆಯವರು ನಾನು ಕೆಲಸ ಮಾಡುವ ವಸ್ತುಸಂಗ್ರಹಾಲಯದ ಅಧಿಕಾರಿ. ಅವರ ಹೆಸರು ಬರೆಯುವುದಿಲ್ಲ, ನಾಳೆಯೂ ಅವರ ಕೈಕೆಳಗೇ ದುಡಿಯಬೇಕು. ಅಲ್ಲಿ ನಾನು ಗುತ್ತಿಗೆಯ ಕಾವಲುಗಾರ್ತಿ. ದಿನವಿಡೀ ಚಿತ್ರಗಳ ಮಧ್ಯೆ ನಿಂತು, “ಮುಟ್ಟುಕೋವದ್ದು”, “ಹಾಥ್ ನಕ್ಕೋ ಲಗಾವ್”, “ಮುಟ್ಟಬೇಡಿ” ಎಂದು ಬಂದವರ ಮುಖ ನೋಡಿ ಭಾಷೆ ಬದಲಿಸುವುದು ನನ್ನ ಕೆಲಸ. ಗೈಡ್ ಹುದ್ದೆಗೆ ಅರ್ಜಿ ಹಾಕಿದಾಗ ಅವರು ನಕ್ಕರು. ಬಿ.ಎ. ಇದ್ದರೆ ಸಾಲದು, ಚಿತ್ರ ಓದಲು ಕಲಿತ ಪ್ರಮಾಣಪತ್ರ ಬೇಕು, ಅದು ನಿಮ್ಮಂಥವರಿಗೆ ಸಿಗುವುದು ಕಷ್ಟ ಎಂದರು. ಆ ಬಿ.ಎ.ಯನ್ನು ನಾನು ಹಗಲು ಅಂಗಡಿ, ಸಂಜೆ ಕಾಲೇಜು ಎಂದು ಓಡಾಡಿ, ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದು, ಮತ್ತೆ ಕೂತು ಪಡೆದಿದ್ದೆ. ನಮ್ಮ ವಂಶದಲ್ಲಿ ಪದವಿ ಎಂಬುದು ಮೊದಲು ಬಂದದ್ದು ನನ್ನ ಹೆಸರಿನ ಮುಂದೆ. ರೇಣುಕಾ, ಬಿ.ಎ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ.

ವಸ್ತುಸಂಗ್ರಹಾಲಯಗಳಲ್ಲಿ ದುಡಿಯುವವರಿಗಾಗಿ ಲಂಡನ್ನಿನಲ್ಲಿ ನಾಲ್ಕು ವಾರಗಳ ತರಬೇತಿ, ಖರ್ಚೆಲ್ಲ ಅವರದೇ ಎಂದು ನಮ್ಮ ನೋಟೀಸು ಹಲಗೆಯಲ್ಲಿ ಒಂದು ಕಾಗದವಿತ್ತು. ಅದರ ಮೇಲೆ ಬೇರೆ ಕಾಗದಗಳು ಬಿದ್ದು ಮುಚ್ಚಿಹೋಗಿತ್ತು. ನಾನು ತೆಗೆದು ಓದಿದೆ, ಅರ್ಜಿ ಹಾಕಿದೆ. ಅವರು ಕರೆದರು. ಕೊನೆಯ ದಿನ ಒಂದು ಚಿತ್ರದ ಎದುರು ನಿಂತು ಹತ್ತು ನಿಮಿಷ ಮಾತಾಡಬೇಕು, ಮೆಚ್ಚಿದರೆ ಮಾತ್ರ ಪ್ರಮಾಣಪತ್ರ. ದೊಡ್ಡಪ್ಪನ ಮಾತಿನ ಅರ್ಧ ಆಗಲೇ ಸುಳ್ಳಾಗಿತ್ತು. ಇನ್ನರ್ಧ ಉಳಿದಿತ್ತು.

ನಮ್ಮ ಕಸುಬಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಲಂಡನ್ನಿನಲ್ಲಿ ನಾನು ಮಾಡಿದ ತಪ್ಪು ನಿಮಗೆ ತಿಳಿಯುವುದಿಲ್ಲ. ಅಜ್ಜ ಸುರಪುರದಿಂದ ಬಂದು, ಪಾತ್ರೆ ಅಂಗಡಿಗಳ ಹಿಂದಿನ ಓಣಿಯಲ್ಲಿ ಪಟಕ್ಕೆ ಚೌಕಟ್ಟು ಹಾಕುವ ಈ ಅಂಗಡಿ ಇಟ್ಟ. ದೇವರ ಪಟ, ಮದುವೆಯ ಫೋಟೊ, ತೀರಿಕೊಂಡವರ ಫೋಟೊ. ಚೌಕಟ್ಟಿನವರು ಚಿತ್ರವನ್ನು ಎಂದೂ ಎದುರಿನಿಂದ ಮೊದಲು ನೋಡುವುದಿಲ್ಲ. ಗೋಡೆಗೆ ಕೆನ್ನೆ ಹಚ್ಚಿದಂತೆ ಪಕ್ಕದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಮೇಲ್ಮೈಯ ಉದ್ದಕ್ಕೂ ದೃಷ್ಟಿ ಹಾಯಿಸುತ್ತಾರೆ. ಕಟ್ಟಿಗೆ ಸೊಟ್ಟಗಿದ್ದರೆ ಹಾಗೆಯೇ ಗೊತ್ತಾಗುವುದು. ಆಮೇಲೆ ಅಂಚು ನೋಡುತ್ತಾರೆ, ಏಕೆಂದರೆ ಚೌಕಟ್ಟಿನ ತುಟಿ ಚಿತ್ರದ ಅಂಚನ್ನು ಸ್ವಲ್ಪ ನುಂಗುತ್ತದೆ. “ನಮ್ಮಪ್ಪನ ರುಮಾಲ ತಿಂದುಬಿಟ್ಟೀರಲ್ರೀ” ಎಂದು ಜಗಳಕ್ಕೆ ಬಂದ ಗಿರಾಕಿಗಳನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ.

ಇನ್ನೊಂದು ಪದ್ಧತಿಯಿದೆ. ಒಬ್ಬರ ಫೋಟೊ ತಂದುಕೊಟ್ಟರೆ ಅವರು ಇದ್ದಾರೋ ಹೋದರೋ ಎಂದು ಅಪ್ಪ ಕೇಳುವುದಿಲ್ಲ. ಟೇಪು ಹಿಡಿದು ಅಳೆಯುತ್ತ, ಗಿರಾಕಿಯ ಮುಖ ನೋಡದೆ, “ಹಾರದ ಮೊಳಿ ಹಾಕ್ಲೇನ್ರಿ?” ಎನ್ನುತ್ತಾನೆ. ಹೌದೆಂದರೆ ಚೌಕಟ್ಟಿನ ನೆತ್ತಿಗೆ ಹೂವಿನ ಹಾರ ತೂಗಿಸಲು ಒಂದು ಸಣ್ಣ ಹಿತ್ತಾಳೆ ಮೊಳೆ. ಬೇಡವೆಂದರೆ ಅವರು ಬದುಕಿದ್ದಾರೆ. ಬದುಕಿದವರ ಫೋಟೊಗೆ ತಪ್ಪಿ ಆ ಮೊಳೆ ಹೊಡೆದರೆ ಅದಕ್ಕಿಂತ ದೊಡ್ಡ ಅಪಚಾರ ನಮ್ಮಲ್ಲಿಲ್ಲ.

ಮೊದಲ ದಿನ: ಕಳೆದುಹೋದ ಚಪ್ಪಲಿ

ಲಂಡನ್ನಿನಲ್ಲಿ ನನ್ನ ಮೊದಲ ಸಾಧನೆ ಚಪ್ಪಲಿ ಕಳೆದುಕೊಂಡದ್ದು. ತರಗತಿಯ ಬಾಗಿಲಿಗೆ ಹೋದರೆ ಒಳಗೆ ಗೋಡೆ ತುಂಬ ಪಟಗಳು. ನಮ್ಮ ಅಂಗಡಿಯ ಒಳಕೋಣೆಯಲ್ಲಿ ದೇವರ ಪಟಗಳು ಇರುವುದರಿಂದ ಹೊರಗೇ ಚಪ್ಪಲಿ ಬಿಡುತ್ತೇವೆ. ತಲೆ ಯೋಚಿಸುವ ಮೊದಲು ಕಾಲು ಚಪ್ಪಲಿ ಬಿಟ್ಟಿತ್ತು. ಮಧ್ಯಾಹ್ನ ಹೊರಬಂದರೆ ಚಪ್ಪಲಿ ಇಲ್ಲ. ಕದ್ದರು ಎಂದುಕೊಂಡೆ. ಕದ್ದಿರಲಿಲ್ಲ. ಯಾರೋ ಬಿಟ್ಟುಹೋದ ವಸ್ತುವೆಂದು ಕಸ ಗುಡಿಸುವಾಕೆ ಅದನ್ನು ಜೋಪಾನವಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಚೇರಿಗೆ ಒಪ್ಪಿಸಿದ್ದಳು. ಬಣ್ಣ, ಅಳತೆ, ಗುರುತು ಎಲ್ಲ ಬರೆದು ಸಹಿ ಹಾಕಿ ಬಿಡಿಸಿಕೊಂಡೆ. ಗುರುತು ಎಂಬಲ್ಲಿ “ಎಡಗಾಲಿನ ಉಂಗುಷ್ಟದ ಪಟ್ಟಿ ಹೊಲಿದಿದೆ” ಎಂದು ಬರೆದದ್ದನ್ನು ಓದಿ ಗುಮಾಸ್ತ ಬಹಳ ಗಂಭೀರವಾಗಿ ತಲೆಯಾಡಿಸಿದ.

ಅಲ್ಲಿಯವರ ಒಂದು ಅಭ್ಯಾಸ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ರೈಲಿನ ನೂಕುನುಗ್ಗಲಲ್ಲಿ ನಾನು ಒಬ್ಬ ಮುದುಕನ ಕಾಲು ತುಳಿದೆ. ಕ್ಷಮಿಸಿ ಎಂದದ್ದು ಅವನು! ಬೇಗಂ ಬಜಾರಿನಲ್ಲಿ ಕಾಲು ತುಳಿದವನೇ “ದೇಖ್ ಕೇ ಚಲೋ” ಎಂದು ಗದರಿಸಿ ಹೋಗುತ್ತಾನೆ. ಯಾವುದು ಹೆಚ್ಚು ಪ್ರಾಮಾಣಿಕ ಎಂಬುದನ್ನು ನಾನಿನ್ನೂ ತೀರ್ಮಾನಿಸಿಲ್ಲ.

ನಮ್ಮ ಗುರುಗಳ ಹೆಸರು ಹೆಲೆನ್. ಬಿಳಿ ಕೂದಲು, ಕೊರಳಿಗೆ ದಾರ ಕಟ್ಟಿದ ಕನ್ನಡಕ, ಕಡಿಮೆ ಮಾತು. ಅವರ ನಿಯಮ ಒಂದೇ: ಮೊದಲ ವಾರ ಯಾರೂ ಏನೂ ಓದಕೂಡದು. ಪುಸ್ತಕವಿಲ್ಲ, ಫೋನಿಲ್ಲ, ಚಿತ್ರದ ಪಕ್ಕದ ಚೀಟಿಯೂ ಇಲ್ಲ. ಬರಿಗಣ್ಣಲ್ಲಿ ನೋಡಿ ಬರೆಯಬೇಕು. ಉಳಿದವರು ಗೊಣಗಿದರು, ಅವರೆಲ್ಲ ಓದಿಕೊಂಡವರು. ನನಗೆ ಖುಷಿಯಾಯಿತು. ಓದದೆ ನೋಡುವುದರಲ್ಲಿ ನಮ್ಮ ಮನೆಯವರಿಗೆ ಮೂರು ತಲೆಮಾರಿನ ಅನುಭವವಿದೆ.

ಮೂರನೆಯ ದಿನ: ಕಾವಲುಗಾರ್ತಿಗೇ ಕಾವಲು

ನೋಡಿ ಬರೆಯಲು ನನ್ನ ಪಾಲಿಗೆ ಬಂದದ್ದು ಲಂಡನ್ನಿನ ಚಿತ್ರಶಾಲೆಯ ಬಹು ಪ್ರಸಿದ್ಧ ಚಿತ್ರ, ಇಬ್ಬರು ರಾಯಭಾರಿಗಳದ್ದು. ಸುಮಾರು ಐನೂರು ವರ್ಷ ಹಳೆಯದು. ಮನುಷ್ಯರು ನಮ್ಮಷ್ಟೇ ಎತ್ತರ. ಎಡಗಡೆ ತುಪ್ಪಳದ ಅಂಗಿಯ ಠೀವಿಯ ಆಸಾಮಿ, ಬಲಗಡೆ ಉದ್ದ ನಿಲುವಂಗಿಯ ಸ್ನೇಹಿತ. ನಡುವೆ ಎರಡು ಅಂತಸ್ತಿನ ಮೇಜು. ಮೇಲಿನ ಅಂತಸ್ತಿಗೆ ರತ್ನಗಂಬಳಿ ಹಾಸಿ, ಆಕಾಶ ಅಳೆಯುವ ಉಪಕರಣಗಳನ್ನು ಜೋಡಿಸಿದ್ದಾರೆ. ಕೆಳಗೆ ಭೂಗೋಳ, ಪುಸ್ತಕ, ತಂತಿವಾದ್ಯ. ಕಾಲ ಬಳಿ ನೆಲದ ಮೇಲೆ ಓರೆಯಾಗಿ ಬಿದ್ದ ಒಂದು ಬೂದುಬಣ್ಣದ ಉದ್ದನೆಯ ಕಲೆ, ಯಾರೋ ಬಣ್ಣ ಚೆಲ್ಲಿ ಎಳೆದಂತೆ.

ಜನ ಎದುರು ನಿಂತಿದ್ದರು. ನಾನು ರೂಢಿಯಂತೆ ಬಲಪಕ್ಕದ ಗೋಡೆಗೆ ಹೋದೆ. ಇಷ್ಟು ದೊಡ್ಡ ಹಲಗೆ ಸೊಟ್ಟಗಾಗಿದೆಯೇ ನೋಡಬೇಡವೇ? ಕೆನ್ನೆ ಗೋಡೆಯ ಹತ್ತಿರ ತಂದು, ಎಡಗಣ್ಣು ಮುಚ್ಚಿ, ಉದ್ದಕ್ಕೂ ದೃಷ್ಟಿ ಹಾಯಿಸಿದೆ.

ನೆಲದ ಕಲೆ ಎದ್ದು ಕೂತಿತು. ತಲೆಬುರುಡೆ! ಕಣ್ಣಿನ ಗುಳಿ, ಹಲ್ಲಿನ ಸಾಲು, ಎಲ್ಲ ಸರಿಯಾದ ಅಳತೆಯಲ್ಲಿ. ನಾನು “ಅಯ್ಯಯ್ಯ ಯವ್ವಾ” ಎಂದು ಕೂಗಿದ್ದು ಕೋಣೆಗೆಲ್ಲ ಕೇಳಿಸಿತು.

“ಮೇಡಂ, ದಯವಿಟ್ಟು ಹಿಂದೆ ಸರಿಯಿರಿ,” ಎಂದ ಕಾವಲುಗಾರ. “ಮುಟ್ಟಬಾರದು.”

“ಮುಟ್ಟಿಲ್ಲ,” ಎಂದೆ. “ನಾನೂ ನಿಮ್ಮ ಕೆಲಸದವಳೇ.”

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. “ಹಾಗಾದರೆ ನಿಮಗೆ ಗೊತ್ತಿರಬೇಕಿತ್ತು.”

ಹಿಂದೆ ಸರಿದೆ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆಮೇಲೆ ಅಂಚು ನೋಡಿದೆ. ಎಡ ಮೇಲ್ಮೂಲೆಯಲ್ಲಿ, ಹಸಿರು ಪರದೆ ಮುಗಿಯುವ ಕಡೆ, ಬೆಳ್ಳಿಯ ಶಿಲುಬೆ ಅರ್ಧ ಇಣುಕುತ್ತಿತ್ತು. ಅಪ್ಪನಂಥವನು ಒಂದಿಷ್ಟು ಅಗಲದ ಪಟ್ಟಿ ಹಾಕಿದ್ದರೆ ಅವರ ದೇವರೇ ಮಾಯ! ತಂತಿವಾದ್ಯದ ಒಂದು ತಂತಿ ಕಿತ್ತುಹೋಗಿತ್ತು. ಅದನ್ನು ಮರೆಯಾಗಿಸಲು ಚಿತ್ರಕಾರನಿಗೆ ಎಷ್ಟು ಹೊತ್ತು? ಬೇಕೆಂದೇ ಬರೆದಿದ್ದ. ಎಡಗಡೆಯವನ ಟೋಪಿಯ ಬಿಲ್ಲೆಯಲ್ಲೂ ಒಂದು ಪುಟ್ಟ ಬುರುಡೆ. ಅವನ ಕಠಾರಿಯ ಒರೆಯ ಮೇಲೆ ಇಪ್ಪತ್ತೊಂಬತ್ತು ಎಂಬ ಅಂಕಿ, ಸ್ನೇಹಿತನ ಮೊಣಕೈ ಕೆಳಗಿನ ಪುಸ್ತಕದ ಅಂಚಿನಲ್ಲಿ ಇಪ್ಪತ್ತೈದು.

ನಾಲ್ಕು ದಿನ ಅಲ್ಲೇ ನಿಂತೆ. ಕಾವಲುಗಾರ ಕೊನೆಗೆ ಕುರ್ಚಿ ತಂದುಕೊಟ್ಟ, ಗೋಡೆಯಿಂದ ದೂರ ಇಟ್ಟು.

ಎರಡನೆಯ ವಾರ: ಕೆಂಪು ಗೆರೆ

ನನ್ನ ಮೊದಲ ಬರಹದ ವಾದ ಸ್ಪಷ್ಟವಾಗಿತ್ತು. ಇಬ್ಬರೂ ಸತ್ತವರು. ತೀರಿಕೊಂಡ ಮೇಲೆ ಮನೆಯವರು ಬರೆಸಿಟ್ಟ ಚಿತ್ರ ಇದು. ಅಂಕಿಗಳು ಅವರು ಸತ್ತಾಗಿನ ವಯಸ್ಸು. ನೆಲದ ಬುರುಡೆ, ಟೋಪಿಯ ಬುರುಡೆ, ಕಿತ್ತ ತಂತಿ, ಇವೆಲ್ಲ ಹಾರದ ಮೊಳೆಗಳು. ಬದುಕಿದವರು ತಮ್ಮ ಚಿತ್ರಕ್ಕೆ ಇಂಥದನ್ನು ಹಾಕಿಸುವುದುಂಟೇ? ನನಗೆ ಒಂದು ಚೂರೂ ಅನುಮಾನವಿರಲಿಲ್ಲ. ಹೆಮ್ಮೆಯಿಂದ ಕೊಟ್ಟೆ.

ಮರುದಿನ ಹೆಲೆನ್ ಹಿಂತಿರುಗಿಸಿದರು. ಮೊದಲ ಪುಟದ ಮೇಲೆ ಕರ್ಣಕ್ಕೆ ಒಂದು ಕೆಂಪು ಗೆರೆ.

“ಇಬ್ಬರೂ ಬದುಕಿದ್ದರು,” ಎಂದರು. “ಈ ಚಿತ್ರವಾದ ಮೇಲೂ ವರ್ಷಗಟ್ಟಲೆ. ಎಡಗಡೆಯವನೇ ಬರೆಸಿದ್ದು, ತನ್ನ ಮನೆಯಲ್ಲಿ ತೂಗುಹಾಕಲು. ಆ ಅಂಕಿಗಳು ಬರೆಸಿದಾಗಿನ ವಯಸ್ಸು.”

ನಾನು ಹಾಳೆಗಳನ್ನು ಮಡಚಿದೆ.

“ನಿಮ್ಮ ಕಣ್ಣು ಚೆನ್ನಾಗಿದೆ, ರೇಣುಕಾ. ಆದರೆ ಅಂಗಡಿಯ ಕಥೆ ಬಿಟ್ಟುಬಿಡಿ. ಈಗ ಪುಸ್ತಕಗಳನ್ನು ಓದಬಹುದು. ಅವು ಹೇಳುವುದನ್ನು ಅಚ್ಚುಕಟ್ಟಾಗಿ ಹೇಳಿದರೆ ತೇರ್ಗಡೆಯಾಗುತ್ತೀರಿ. ಹೀಗೇ ಹೇಳಿದರೆ, ನಾನು ಸಹಿ ಹಾಕಲಾರೆ.”

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಅದಕ್ಕೇ ಹೆಚ್ಚು ನೋವಾಯಿತು. ನನ್ನ ಕೋಣೆಯ ಜೊತೆಗಾತಿ ಘಾನಾ ದೇಶದ ಅಬೆನಾ, ಬೆನ್ನು ತಟ್ಟಿ, “ಅವರು ಕೇಳಿದ್ದನ್ನು ಹೇಳು, ಕಾಗದ ತೆಗೆದುಕೋ, ಮನೆಗೆ ಹೋಗಿ ನಿನಗೆ ಬೇಕಾದ್ದು ಹೇಳು,” ಎಂದಳು. ಬುದ್ಧಿವಂತರ ಮಾತು. ಗೈಡ್ ಹುದ್ದೆಗೆ ನನಗೆ ಬೇಕಿದ್ದದ್ದೂ ಆ ಕಾಗದವೇ.

ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಅಂಗಡಿಯ ಗದ್ದಲ, ಗರಗಸದ ಸದ್ದು.

“ತಪ್ಪಾತಪ್ಪ. ಇದ್ದಾರನ್ನ ಸತ್ತಾರಂತ ಬರದೆ.”

ಗರಗಸ ನಿಂತಿತು. “ಮೊಳಿ ಹೊಡದುಬಿಟ್ಟೇನು?”

“ಹೊಡದೆ.”

ಅಪ್ಪ ನಗುವುದು ಅಪರೂಪ. ಆವತ್ತು ನಕ್ಕ. “ನಾನೂ ಒಮ್ಮಿ ಹೊಡದಿದ್ದೆ. ಆ ಯಜಮಾನ ತಾನಽ ಬಂದು ತನ್ನ ಫೋಟೊ ತಗೊಂಡು ಹೋದ, ಬೈಕೊಂತ. ಅಲ್ಲವ್ವಾ, ಅಳತಿ ತಪ್ಪಿದ ಪಟ್ಟಿ ನಾವು ಹೊರಗ ಒಗಿತೀವೇನು?”

“ಇಲ್ಲ.”

“ಏನ್ ಮಾಡ್ತೀವಿ?”

“ಮತ್ತ ಅಳತಿ ಹಾಕಿ ಬ್ಯಾರೆ ಪಟಕ್ಕ ಕೂಡಸ್ತೀವಿ.”

“ಹಂಗಾದ್ರ ಮತ್ತ ಅಳಿ. ಗಿರಾಕಿ ನಿಂತಾನ, ಇಡ್ತೀನಿ.”

ಪುಸ್ತಕಗಳನ್ನು ಓದಿದೆ. ಸಾವನ್ನು ನೆನಪಿಡು ಎಂಬ ಎಚ್ಚರಿಕೆ ಇದು ಎಂದು ಎಲ್ಲರೂ ಬರೆದಿದ್ದರು. ಸರಿಯೇ. ಆದರೆ ಎಚ್ಚರಿಕೆಯನ್ನು ಓರೆಯಾಗಿ ಏಕೆ ಬರೆಯಬೇಕು? ಮೇಜಿನ ಮೇಲೇ ಒಂದು ಬುರುಡೆ ಇಡಬಹುದಿತ್ತು. ಮತ್ತೆ ಹೋಗಿ ನಿಂತೆ. ಎದುರು, ಪಕ್ಕ. ಪಕ್ಕ, ಎದುರು. ಕಾವಲುಗಾರ, “ಇಂದು ಮೇಡಂ ವಾಯುವಿಹಾರ ಮಾಡುತ್ತಿದ್ದಾರೆ,” ಎಂದು ತಮಾಷೆ ಮಾಡಿದ. ಸುಮಾರು ಇಪ್ಪತ್ತನೆಯ ಸುತ್ತಿನಲ್ಲಿ ಹೊಳೆಯಿತು. ಬುರುಡೆ ಸರಿಯಾಗಿ ಕಾಣುವ ಜಾಗದಲ್ಲಿ ಆ ಇಬ್ಬರು ಮನುಷ್ಯರು ಹಿಂಡಿ ಹೋಗುತ್ತಾರೆ, ಮುಖ ಗುರುತು ಸಿಗುವುದಿಲ್ಲ. ಮನುಷ್ಯರು ಸರಿಯಾಗಿ ಕಾಣುವ ಜಾಗದಲ್ಲಿ ಬುರುಡೆ ಬರೀ ಕಲೆ. ಎರಡನ್ನೂ ಒಟ್ಟಿಗೆ ನೋಡಲಾಗದು.

ಚಪ್ಪಲಿ ಕಳೆದಾಗಿನಂತೆಯೇ ಬೆಚ್ಚಿದೆ. ಈ ಸಲ ಸಿಕ್ಕಿದ್ದಕ್ಕೆ.

ಕೊನೆಯ ಶುಕ್ರವಾರ: ಹತ್ತು ನಿಮಿಷ

ಅಂಗಡಿಯ ಕಥೆ ಬಿಡಲಿಲ್ಲ. ಬಿಟ್ಟು ತೇರ್ಗಡೆಯಾಗುವುದಕ್ಕಿಂತ ಇಟ್ಟುಕೊಂಡು ನಪಾಸಾಗುವುದು ಮೇಲು ಎಂದು ಆ ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನಿಸಿದ್ದೆ. ಸೀರೆ ಉಟ್ಟೆ, ಇಳಕಲ್ಲಿನದು. ಅಬೆನಾ ಸೆರಗು ಹಿಡಿದು, “ಯುದ್ಧಕ್ಕೆ ಹೊರಟ ಹಾಗಿದೆ,” ಎಂದಳು. ಹೌದು ಎಂದೆ.

ಚಿತ್ರದ ಎದುರು ಹೆಲೆನ್, ಹೊರಗಿನಿಂದ ಬಂದ ಒಬ್ಬ ಹಿರಿಯ ಪರೀಕ್ಷಕರು, ನಮ್ಮ ತರಗತಿಯವರು. ನನ್ನ ಇಂಗ್ಲಿಷು ನನ್ನದೇ. ತಡವರಿಸುವುದನ್ನು ಮುಚ್ಚಿಡಲಿಲ್ಲ.

“ಮೊದಲು ನನ್ನ ತಪ್ಪು ಹೇಳುತ್ತೇನೆ,” ಎಂದು ಶುರು ಮಾಡಿದೆ. “ಇವರು ಸತ್ತವರೆಂದು ನಾನು ಬರೆದಿದ್ದೆ. ಈ ತಪ್ಪು ನಾನು ಚೌಕಟ್ಟಿನ ಅಂಗಡಿಯಲ್ಲಿ ಬೆಳೆದದ್ದರಿಂದ ಬಂತು. ಆದರೆ ಇದನ್ನು ಪಕ್ಕದಿಂದ ನೋಡಿದ್ದೂ ಆ ಅಂಗಡಿಯಿಂದಲೇ ಬಂತು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಲು ನಾನು ತಯಾರಿಲ್ಲ.”

ಹೆಲೆನ್ ಕನ್ನಡಕ ತೆಗೆದು ದಾರಕ್ಕೆ ಇಳಿಬಿಟ್ಟರು. ಅದು ಒಳ್ಳೆಯ ಸೂಚನೆಯೋ ಕೆಟ್ಟದ್ದೋ ಗೊತ್ತಾಗಲಿಲ್ಲ.

ಶಿಲುಬೆ ತೋರಿಸಿದೆ, ತಂತಿ ತೋರಿಸಿದೆ, ಅಂಕಿಗಳನ್ನು ತೋರಿಸಿದೆ. ಇಪ್ಪತ್ತೊಂಬತ್ತು ಎಂಬುದು ಒಂದು ವರ್ಷ ಮಾತ್ರ ನಿಜ, ಮರುವರ್ಷ ಸುಳ್ಳು ಎಂದೆ. ಗೋಡೆಯಲ್ಲಿ ತಾನು ಎಂದೂ ಇಪ್ಪತ್ತೊಂಬತ್ತಾಗಿಯೇ ಉಳಿದು, ಎದುರು ನಿಂತ ತಾನು ಮುದುಕನಾಗುವುದನ್ನು ಆ ಮನುಷ್ಯ ತಿಳಿದೇ ಬರೆಸಿದ ಎಂದೆ. ಆಮೇಲೆ ಅಪ್ಪನ ಬಗ್ಗೆ ಹೇಳಿದೆ.

“ನಮ್ಮ ಅಂಗಡಿಯಲ್ಲಿ ಯಾರನ್ನೂ ಎದುರೆದುರೇ ಸಾವಿನ ಮಾತು ಕೇಳುವುದಿಲ್ಲ. ನನ್ನ ಅಪ್ಪ ಮುಖ ತಿರುಗಿಸಿ, ಅಳತೆ ಮಾಡುತ್ತ, ಒಂದು ಮೊಳೆಯ ಬಗ್ಗೆ ಕೇಳುತ್ತಾನೆ. ಗಿರಾಕಿಗೆ ಅರ್ಥವಾಗುತ್ತದೆ, ಆದರೆ ಮುಖ ಉಳಿಯುತ್ತದೆ. ಈ ಚಿತ್ರಕಾರನೂ ಅಷ್ಟೇ. ತನ್ನ ಗಿರಾಕಿಗಳ ಮುಖ ಹಾಳುಮಾಡದೆ ಸಾವನ್ನು ಪಕ್ಕದಿಂದ ಹೇಳಿದ. ಎಚ್ಚರಿಕೆ ಎಂದು ಪುಸ್ತಕಗಳು ಹೇಳುತ್ತವೆ. ಇರಬಹುದು. ನನಗೆ ಇದು ಮರ್ಯಾದೆಯ ಹಾಗೂ ಕಾಣುತ್ತದೆ.”

ಹಿರಿಯ ಪರೀಕ್ಷಕರು ಗಂಟಲು ಸರಿಮಾಡಿಕೊಂಡರು. “ಇದಕ್ಕೆ ಆಧಾರ?”

“ಬಸಪ್ಪ, ಬೇಗಂ ಬಜಾರ್, ಹೈದರಾಬಾದ್.”

“ಅವರು ಯಾವ ವಿಶ್ವವಿದ್ಯಾಲಯ?”

“ಅವನು ನಾಲ್ಕನೇ ಇಯತ್ತೆ ಓದಿದ್ದಾನೆ, ಸರ್. ನಲವತ್ತು ವರ್ಷದಿಂದ ಚೌಕಟ್ಟು ಹಾಕುತ್ತಾನೆ. ಆಧಾರಗಳ ಪಟ್ಟಿಯಲ್ಲಿ ಅವನ ಹೆಸರನ್ನು ಅಕ್ಷರಾನುಕ್ರಮದಲ್ಲೇ ಬರೆದಿದ್ದೇನೆ.”

ಯಾರೋ ನಕ್ಕರು. ಪರೀಕ್ಷಕರು ನಗಲಿಲ್ಲ. “ನಾನು ಪೂರ್ತಿ ಒಪ್ಪುವುದಿಲ್ಲ,” ಎಂದರು.

“ಒಪ್ಪಬೇಡಿ, ಸರ್. ಒಮ್ಮೆ ಪಕ್ಕಕ್ಕೆ ಬನ್ನಿ.”

ಅವರು ಆ ಚಿತ್ರವನ್ನು ನನಗಿಂತ ಎಷ್ಟೋ ಸಲ ನೋಡಿದವರು, ಬುರುಡೆ ಅವರಿಗೆ ಹೊಸದಲ್ಲ. ಆದರೂ ಬಂದರು. ಗೋಡೆಗೆ ಸರಿದು ನಿಂತರು. ನಾನು ಹೇಳಿದೆ, “ಬುರುಡೆ ಬೇಡ. ಈಗ ಆ ಇಬ್ಬರ ಮುಖ ನೋಡಿ.” ಅವರು ನೋಡಿದರು. ಬಹಳ ಹೊತ್ತು ನೋಡಿದರು. ತಮ್ಮ ಜಾಗಕ್ಕೆ ಹೋಗಿ ಏನೋ ಬರೆದುಕೊಂಡರು.

ಊಟದ ನಂತರ ಹೆಲೆನ್ ನನ್ನನ್ನು ಕರೆದರು. “ಬಿಟ್ಟುಬಿಡಿ ಎಂದಿದ್ದೆ,” ಎಂದರು.

“ಬಿಡಲಿಲ್ಲ,” ಎಂದೆ.

“ಹೂಂ. ಪರೀಕ್ಷಕರು ಎರಡು ಕಡೆ ತಕರಾರು ಬರೆದಿದ್ದಾರೆ. ಕೊನೆಯಲ್ಲಿ ತೇರ್ಗಡೆ ಎಂದೂ ಬರೆದಿದ್ದಾರೆ. ನಾನು ಸಹಿ ಹಾಕಿದ್ದೇನೆ.” ಪ್ರಮಾಣಪತ್ರ ಚಾಚಿ, “ಪೆನ್ನು ಈ ಸಲ ನೀಲಿ,” ಎಂದರು. ನನ್ನ ಲೆಕ್ಕದಲ್ಲಿ ಅದು ಅವರು ನಾಲ್ಕು ವಾರಗಳಲ್ಲಿ ಮಾಡಿದ ಒಂದೇ ತಮಾಷೆ.

ಮತ್ತೆ ಬೇಗಂ ಬಜಾರ್

ವಿಮಾನದಿಂದ ಇಳಿದವಳು ನೇರ ಅಂಗಡಿಗೆ ಹೋದೆ. ಮಧ್ಯಾಹ್ನದ ಬಿಸಿಲು, ಓಣಿಯಲ್ಲಿ ಕೈಗಾಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ಬೈಗುಳದ ಸುರಿಮಳೆ. ಒಬ್ಬ ನನ್ನ ಕಾಲು ತುಳಿದು, ಎದುರು ನೋಡಿಕೊಂಡು ನಡೆ ಎಂದು ನನ್ನನ್ನೇ ಗದರಿಸಿದ. ಊರಿಗೆ ಬಂದೆ ಅನ್ನಿಸಿತು.

ಅಪ್ಪ ಯಾರದೋ ಮದುವೆ ಫೋಟೊದ ಮೂಲೆ ಕೂಡಿಸುತ್ತಿದ್ದ. ತಲೆಯೆತ್ತಿ ನೋಡಿ, ಕಣ್ಣಲ್ಲೇ “ಆತಾ?” ಎಂದ. ನಾನು “ಆತು” ಎಂದೆ. ಅವನು ಮತ್ತೆ ಬಗ್ಗಿದ. ಅಳೆದ ಮೂಲೆಯನ್ನೇ ಮತ್ತೆ ಅಳೆಯುತ್ತಿದ್ದುದನ್ನು ನಾನು ನೋಡದವಳಂತೆ ಒಳಗೆ ಹೋದೆ.

ಅವ್ವ ಕೈಯಲ್ಲಿದ್ದ ಅರಿವೆ ಬಿಟ್ಟು, ಎರಡೂ ಕೈ ಸೆರಗಿಗೆ ಒರೆಸಿಕೊಂಡು ಪ್ರಮಾಣಪತ್ರ ಇಸಿದುಕೊಂಡಳು. ಅವಳಿಗೆ ಓದಲು ಬರುವುದಿಲ್ಲ. ಮೇಲಿನ ಮುದ್ರೆ, ಬಂಗಾರದ ಅಂಚು, ಕೆಳಗಿನ ಎರಡು ಸಹಿ, ಎಲ್ಲವನ್ನೂ ಒಂದೊಂದಾಗಿ ನೋಡಿದಳು.

“ಇದ್ರಾಗ ನಿನ್ನ ಹೆಸರು ಎಲ್ಲೈತಿ?”

ನಾನು ಅವಳ ತೋರುಬೆರಳು ಹಿಡಿದು, ನಡುವಿನ ತೆಳುವಾದ ಸಾಲಿನ ಮೇಲೆ ಇಟ್ಟೆ. ಅವಳು ಆ ಸಾಲನ್ನು ಬೆರಳಲ್ಲೇ ಮುಗಿಯುವ ತನಕ ಸವರಿದಳು. ಆಮೇಲೆ ಮೇಲಿನ ದಪ್ಪಕ್ಷರಗಳನ್ನು ನೋಡಿದಳು, ಮತ್ತೆ ನನ್ನ ಸಾಲನ್ನು ನೋಡಿದಳು.

“ಭಾಳ ಸಣ್ಣಾಗಿ ಬರದಾರಲ್ಲ,” ಎಂದಳು. “ಇರ್ಲಿ ಬಿಡು. ನೀ ಜೋರಾಗಿ ಹೇಳು.”